ಏರು ಹತ್ತದ ಗಾಡಿ

ಕೂಳೂರಿನ ಟೈಲ್ಸ್ ಅಂಗಡಿಯಲ್ಲಿ ನಮ್ಮ ಪ್ರೇಮ್ ಎಂದರೆ ದೊಡ್ಡ ಪಂಚಾಯ್ತಿಗಾರ. ಬಿಳಿಯೋ ಬೂದುವೋ ಎಂದು ಕಚ್ಚಾಡುತ್ತಾ ಬಂದ ಗಂಡ ಹೆಂಡತಿಯನ್ನು ಒಂದೇ ಮಾತಿನಲ್ಲಿ ಒಪ್ಪಿಸಿ ಕಳಿಸುತ್ತಾನೆ. ಅಂಥವನು ಸ್ವಂತ ಗಾಡಿಯ ವಿಷಯದಲ್ಲಿ ಮಾತ್ರ ತಲೆಕೆಟ್ಟು ಕೂತಿದ್ದ.

ಕಂಕನಾಡಿಯಲ್ಲಿ ಅವನ ಮನೆ ಇರುವುದು ಕಡಿದಾದ ಏರಿನ ಬುಡದಲ್ಲಿ. ಇರುವುದೊಂದು ಹಳೆಯ ಡೀಸೆಲ್ ಕಾರು. ಭಾನುವಾರದ ಪೂಜೆಗೆ ಮನೆಮಂದಿಯೆಲ್ಲ ಒಟ್ಟಿಗೇ ಏರಿನ ಮೇಲಿನ ಇಗರ್ಜಿಗೆ ಹೋಗಬೇಕು, ಅದು ಅಪ್ಪನ ಕಾಲದ ರೂಢಿ. ಐದು ಜನ ಕೂತರೆ ಗಾಡಿ ಅರ್ಧ ಏರಿನಲ್ಲೇ ಉಸಿರು ಬಿಡುತ್ತಿತ್ತು. ಎಲ್ಲರೂ ಇಳಿದು ನಡೆಯಬೇಕು. ಮೊಣಗಂಟಿನ ಆಪರೇಷನ್ ಆದ ಮೇಲೆ ತಾಯಿ ಅಪೊಲೋನಿಯಾ ಬಾಯಿಗೆ ಆ ಏರು ಹತ್ತಲಿಕ್ಕೆ ಆಗುತ್ತಿರಲಿಲ್ಲ. ಬಾಗಿಲಲ್ಲಿ ಕಾರು ಇಟ್ಟುಕೊಂಡು ತಾಯಿಯನ್ನು ರಿಕ್ಷಾದಲ್ಲಿ ಕಳಿಸಿದರೆ ನೆರೆಯವರು ಎಂತ ಹೇಳಿಯಾರು? ಗಾಡಿ ಸರಿಯಾದ ಮೇಲೆ ಹೋಗುವ ಎಂದ ಪ್ರೇಮ್. ತಾಯಿ ಮನೆಯಲ್ಲೇ ಉಳಿದರು.

ಇಂಜಿನ್ನಿನ ಕಂಪ್ಯೂಟರಿಗೆ ಸ್ವಲ್ಪ ಬುದ್ಧಿ ಹೇಳಿಸಿದರೆ ಎಳೆತ ಹೆಚ್ಚುತ್ತದೆ ಎಂದು ಯಾರೋ ಅಂದರು. ಅಲ್ಲಿಂದ ಶುರುವಾಯಿತು ನೋಡಿ ಶನಿ. ಉಳ್ಳಾಲದ ಮೆಕ್ಯಾನಿಕ್ ಹಾಶಿಂ, ಸ್ಟೇರಿಂಗಿನ ಕೆಳಗೆ ವಯರ್ ಚುಚ್ಚಿ ಲ್ಯಾಪ್‌ಟಾಪಿನಿಂದ ಹೊಸ ಲೆಕ್ಕ ತುಂಬಿಸಿದರಾಯಿತು, ಚಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ ಎಂದ. ಪಕ್ಕದ ಗ್ಯಾರೇಜಿನ ಕೌಶಲ್, ಛೆ ಛೆ, ನಡುವೆ ಬ್ಯಾಟರಿ ಕೈಕೊಟ್ಟರೆ ಕಂಪ್ಯೂಟರೇ ಸಾಯುತ್ತದೆ. ಅದನ್ನು ಮುಟ್ಟದೆ ವಯರುಗಳ ಮಧ್ಯೆ ಒಂದು ಡಬ್ಬಿ ಕೂರಿಸುವ, ಬೇಡವಾದರೆ ಕಿತ್ತರಾಯಿತು ಎಂದ. ದುಬೈಯಲ್ಲಿರುವ ಭಾವ ಝೇವಿಯರ್ ಫೋನಿನಲ್ಲಿ, ಡಬ್ಬಿಯೆಂದರೆ ಇಂಜಿನ್ನಿಗೆ ಸುಳ್ಳು ಹೇಳುವ ಕೆಲಸ ಮಾರಾಯ, ಕಂಪ್ಯೂಟರನ್ನೇ ಹೊರಗೆ ತೆಗೆದು, ಮುಚ್ಚಳ ಬಿಚ್ಚಿ, ಹಳೆಯ ಲೆಕ್ಕದ ಪ್ರತಿ ಇಟ್ಟುಕೊಂಡು ಹೊಸದನ್ನು ಬರೆಸು ಎಂದ. ಮುಚ್ಚಳ ಬಿಚ್ಚಿದರೆ ಮಳೆಗಾಲದಲ್ಲಿ ನೀರು ಹೊಕ್ಕು ಕೆಡುತ್ತದೆ ಎಂದು ಮತ್ತೆ ಹಾಶಿಂ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪ್ರೇಮನಿಗೆ ಎಲ್ಲರ ಮಾತೂ ಸರಿ ಅನಿಸುತ್ತಿತ್ತು, ಅದೇ ಪೀಕಲಾಟ. ರಾತ್ರಿ ಡಬ್ಬಿಗೆ ಒಪ್ಪಿದವನು ಬೆಳಗಾಗುವಾಗ ಬೇಡ ಅನ್ನುತ್ತಿದ್ದ. ಹೀಗೇ ಮಳೆಗಾಲವೂ ಮುಗಿಯಿತು.

ಒಂದು ಶುಕ್ರವಾರ ಉಳ್ಳಾಲಕ್ಕೆ ಹೋಗಿ ಇನ್ನಷ್ಟು ಗೊಂದಲ ಹೊತ್ತು ಮನೆಗೆ ಬಂದರೆ, ಮೇಜಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಉರಿಯುವ ಮೇಣದಬತ್ತಿ. ಹಾಸಿಗೆ ಹಿಡಿದವರಿಗೆ ಮನೆಗೇ ಪರಮಪ್ರಸಾದ ತರುವ ಫಾದರ್ ಬಂದಿದ್ದರು. ತಾಯಿಯೇ ಹೇಳಿ ಕಳಿಸಿದ್ದರಂತೆ. ಆದರೆ ಅವರು ಒಳ್ಳೆಯ ಸೀರೆಯುಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಊರಿಗೆ ಹೊಸಬರಾದ ಫಾದರ್ ಕಕ್ಕಾಬಿಕ್ಕಿಯಾಗಿ, ಏಳಲಿಕ್ಕೆ ಆಗುವುದಿಲ್ಲವಾ ಎಂದು ಮೆಲ್ಲಗೆ ಕೇಳಿದರು.

"ನನಗೆ ಎಂತದ್ದೂ ಇಲ್ಲ ಫಾದರ್. ಹುಷಾರಿಲ್ಲದ್ದು ಮಗನ ಗಾಡಿಗೆ."

ಪ್ರೇಮನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ತನ್ನ ತಲೆಬಿಸಿಯಲ್ಲಿ ಗಟ್ಟಿಮುಟ್ಟಾದ ತಾಯಿಯನ್ನು ಹಾಸಿಗೆ ಹಿಡಿದವರ ಸಾಲಿಗೆ ಸೇರಿಸಿಬಿಟ್ಟಿದ್ದ.

ಆ ಭಾನುವಾರ ಅವನು ಉಳಿದವರನ್ನು ಮನೆಯ ಮೆಟ್ಟಿಲ ಮೇಲೆ ಕಾಯಲು ಹೇಳಿ, ಮೊದಲು ತಾಯಿಯೊಬ್ಬರನ್ನೇ ಕೂರಿಸಿಕೊಂಡು ಹೊರಟ. ಗಾಡಿ ಗೊಣಗುತ್ತಾ ಏರು ಹತ್ತಿಬಿಟ್ಟಿತು.

"ಇಷ್ಟೇ ಸಾಕಿತ್ತಲ್ಲ, ಪುತಾ," ಎಂದರು ತಾಯಿ.

ಇಷ್ಟು ದಿನ ಅದು ಯಾಕೆ ಹೊಳೆಯಲಿಲ್ಲವೆಂದು ಪ್ರೇಮನಿಗೆ ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ.