ಖಾಲಿ ಉಳಿದ ಹೆರಿಗೆ ವಾರ್ಡು

೧೯೫೫ರಲ್ಲಿ ನಾನು ಗಜೇಂದ್ರಗಡದ ದವಾಖಾನೆಯ ವೈದ್ಯಾಧಿಕಾರಿ. ನನ್ನ ಅಧಿಕಾರಕ್ಕೆ ಒಳಪಟ್ಟ ಪ್ರಜೆಗಳು ಮೂವರು: ಕಂಪೌಂಡರ್, ನರ್ಸಬಾಯಿ ಮತ್ತು ಜವಾನ. ಜವಾನನೊಬ್ಬನೇ ಊರವನು, ಉಳಿದವರೆಲ್ಲ ಪರವೂರಿನವರು.

ಆ ವರ್ಷ ಪೇಟೆಯ ವ್ಯಾಪಾರಿ ಬಸಪ್ಪ ಸಾಹುಕಾರರು ಸ್ವಂತ ಖರ್ಚಿನಲ್ಲಿ ಆರು ಮಂಚದ ಹೆರಿಗೆ ವಾರ್ಡು ಕಟ್ಟಿಸಿಕೊಟ್ಟರು. ಬಿಳಿ ಚಾದರ, ಕುದಿಸಿದ ಉಪಕರಣ, ಎಲ್ಲ ಸಿದ್ಧ. ಬಸುರಿಯರು ತಪಾಸಣೆಗೆ ಬರುತ್ತಿದ್ದರು. ವಾರ್ಡಿನ ಬಾಗಿಲಲ್ಲಿ ಇಣುಕಿ, ಸೆರಗು ಎಳೆದುಕೊಂಡು, ಮನೆಗೆ ಹೋಗಿ ಹೆರುತ್ತಿದ್ದರು. ಖಾಲಿ ಮಂಚಗಳನ್ನು ಬೇರೆ ಊರಿಗೆ ಸಾಗಿಸುವುದಾಗಿ ಮೇಲಧಿಕಾರಿಗಳು ಹೇಳಿ ಹೋದರು.

ಇದರಲ್ಲಿ ಯಾರದೋ ಕೈವಾಡವಿದೆಯೆಂದು ತೀರ್ಮಾನಿಸಿದೆ. ಕಂಪೌಂಡರ್ ಚಹಾಕ್ಕೆಂದು ಕಾಸು ಕೇಳುತ್ತಾನೋ ಎಂದು ಕಿಟಕಿಯ ಮರೆಯಲ್ಲಿ ನಿಂತು ಕಾದೆ. ಅವನೂ ನನ್ನನ್ನು ಕಾಯುತ್ತಿದ್ದ; ಅವನ ಮತದಲ್ಲಿ ಜನ ಹೆದರಿದ್ದು ನನ್ನ ಮೀಸೆಗೆ. ನರ್ಸಬಾಯಿಗೆ ಊರ ಸೂಲಗಿತ್ತಿಯ ಮೇಲೆ ಸಂಶಯ. ಜವಾನನಿಗೆ ಯಾರ ಮೇಲೂ ಸಂಶಯವಿರಲಿಲ್ಲ. ಆದ್ದರಿಂದ ನನಗೆ ಅವನ ಮೇಲೆ ಬಂತು.

ಆಗ ನೇಕಾರರ ಓಣಿಯಿಂದ ದಿನ ತುಂಬಿದ ಗಂಗವ್ವ ಬಂದಳು. ಮೊದಲ ಕೂಸು ಮನೆಯಲ್ಲೇ ಹುಟ್ಟಿ ತೀರಿಕೊಂಡಿತ್ತು. ಈ ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಮನೆಯಲ್ಲಿ ಹೆರಿಗೆಯಾದರೆ ಇಬ್ಬರೂ ಉಳಿಯುವುದು ಕಷ್ಟ. ಇಲ್ಲೇ ಇರಬೇಕೆಂದೆ. ಅತ್ತೆ ನೀಲವ್ವ ಸೊಸೆಯ ರಟ್ಟೆ ಹಿಡಿದು ಹೊರಟೇಬಿಟ್ಟಳು.

"ಯಾರರ ರೊಕ್ಕ ಕೇಳಿದ್ರೇನವಾ? ಹೆಸರು ಹೇಳು," ಎಂದು ಅಡ್ಡ ನಿಂತೆ.

"ರೊಕ್ಕ ಕೇಳಿದ್ರ ಕೊಡ್ತಿದ್ವಿರಿ. ಬಾಣಂತನದಾಗ ಸತ್ತಾಕಿ ಎದುರು ನನ್ನ ಸೊಸಿನ್ನ ಮಲಗಸ್ತೀರಲ್ಲ, ನಿಮಗ ಮನಸರ ಹ್ಯಾಂಗ ಬಂತ್ರಿ ಸಾಹೇಬ್ರ?"

ಅವಳ ಬೆರಳು ವಾರ್ಡಿನ ಗೋಡೆಯತ್ತ ಇತ್ತು. ಅಲ್ಲಿ ಸಾಹುಕಾರರ ದಿವಂಗತ ಪತ್ನಿಯ ಪಟ, ಗಂಧದ ಮಾಲೆ ಸಮೇತ. ವಾರ್ಡು ಆಕೆಯ ನೆನಪಿಗೆಂದು ನನಗೆ ಗೊತ್ತಿತ್ತು. ಆಕೆ ಹೋದದ್ದು ಬಾಣಂತನದಲ್ಲಿ ಎಂಬುದು ನಮ್ಮನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಹಾಗೆ ಹೋದವಳ ದೃಷ್ಟಿ ಬಸುರಿಯ ಮೇಲೆ ಬೀಳಬಾರದೆಂದು ಅಲ್ಲಿನ ನಂಬಿಕೆ. ಸಾಹುಕಾರರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ನನಗೆ ಹೇಳಿದರೆ ಅವರ ಕಿವಿಗೆ ಮುಟ್ಟಿಸುತ್ತೇನೆಂಬ ಗುಮಾನಿ. ಜವಾನನಿಗೆ ಯಾರ ಮೇಲೂ ಸಂಶಯವಿರದ ಕಾರಣ ಆಗ ತಿಳಿಯಿತು.

ಜನರ ಗುಮಾನಿಯನ್ನು ಸುಳ್ಳು ಮಾಡಲಿಲ್ಲ. ನೇರ ಸಾಹುಕಾರರ ಅಂಗಡಿಗೆ ಹೋಗಿ ಮುಟ್ಟಿಸಿದೆ.

"ಆಕಿ ಪಟ ತೆಗದು ಯಾರ ಪಟ ಹಾಕವ್ರು ಡಾಕ್ಟರ? ನಿಮ್ಮದ?"

"ಯಾರದೂ ಇಲ್ರಿ. ಒಂದು ಕೂಸು ಉಳಿಸಬೇಕಾಗೇದ."

ಸಾಹುಕಾರರು ತಕ್ಕಡಿ ಕೆಳಗಿಟ್ಟರು. "ಆಕಿಗೆ ಇಂಥಾ ದವಾಖಾನಿ ಸಿಗಲಿಲ್ಲ ಅಂತನ ಕಟ್ಟಿಸೀನಿ. ಮಂದಿನ್ನ ಹೆದರಸಾಕಲ್ಲ," ಎಂದು ಎದ್ದು ಬಂದರು. ತಾವೇ ಸ್ಟೂಲು ಹತ್ತಿ ಪಟ ಇಳಿಸಿದರು. ಧೋತರದ ಚುಂಗಿನಿಂದ ಗಾಜು ಒರೆಸಿ, ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡು ನಿಂತರು. ನನ್ನ ಕೋಣೆಯನ್ನು ತೋರಿಸಿದೆ.

ಗೋಡೆಯ ಮೊಳೆಯನ್ನೂ ಕೀಳಿಸಿದ ಮೇಲೆಯೇ ನೀಲವ್ವ ಸೊಸೆಯನ್ನು ಒಳಗೆ ಬಿಟ್ಟಳು. ಸಂಜೆಯೊಳಗೆ ಕೂಸನ್ನು ತಿರುಗಿಸಿ ಹೆರಿಗೆ ಮಾಡಿಸಿದೆವು. ಹೆಣ್ಣು ಕೂಸು, ಅದರ ಅಳು ಓಣಿಗೆಲ್ಲ ಕೇಳಿಸಿತು. ಮಂಚಗಳು ತುಂಬತೊಡಗಿದವು, ಸಾಗಿಸುವ ಮಾತು ನಿಂತಿತು.

ಯೋಜನೆ ಗೆಲ್ಲಬೇಕಾದರೆ ಒಳಗಿರುವವರನ್ನು ವಿಚಾರಣೆ ಮಾಡುವ ಮೊದಲು ಬಾಗಿಲಿನಿಂದ ತಿರುಗಿ ಹೋಗುವವರನ್ನು ಮಾತಾಡಿಸಬೇಕು. ಆ ನೌಕರಿ ನನಗೆ ಕಲಿಸಿದ್ದು ಇಷ್ಟು. ವರ್ಗವಾಗುವವರೆಗೆ ಪಟದ ಆ ತಾಯಿ ನನ್ನ ಕುರ್ಚಿಯ ಎದುರಿನ ಗೋಡೆಯಲ್ಲಿದ್ದರು. ಪ್ರತಿ ಹೆರಿಗೆಯ ನಂತರ ಕೈತೊಳೆದು ಬಂದು, ತಾಯಿ-ಕೂಸು ಇಬ್ಬರೂ ಕ್ಷೇಮ ಎಂದು ಮನಸ್ಸಿನಲ್ಲೇ ವರದಿ ಒಪ್ಪಿಸುತ್ತಿದ್ದೆ. ಅವರ ಮುಖ ನೋಡಿದರೆ, ಒಮ್ಮೆಯೂ ಪೂರ್ತಿ ನಂಬಿದಂತೆ ಕಾಣಲಿಲ್ಲ.