ಹಗ್ಗ ಹಿಡಿದವಳೇ ಹೇಳಲಿ

ನನ್ನ ಮೊದಲ ಕಾದಂಬರಿಯನ್ನು ನಾನು ಗಂಡಸಿನ ದನಿಯಲ್ಲಿ ಬರೆದಿದ್ದೆ. ಆಗ ವಿಜಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಕಥೆ ತಿಕೋಟಾದ ನನ್ನ ಚಿಗವ್ವನದು. ನಲವತ್ತೆರಡರ ಚಳವಳಿಯಲ್ಲಿ ಗಂಡ ಜೈಲಿಗೆ ಹೋದಾಗ, ಜೋಳದ ಬಿತ್ತನೆಗೆ ಯಾರೂ ಬಾರದೆ, ಸೆರಗು ಬಿಗಿದು ತಾನೇ ಎತ್ತು ಹೂಡಿ ಕೂರಿಗೆ ಹೊಡೆದವಳು. ಹೆಂಗಸರು ಕೂರಿಗೆಯ ಹಿಂದೆ ಬೀಜ ಬಿಡುವುದುಂಟು, ಎತ್ತು ಹೊಡೆಯುವುದಿಲ್ಲ. ಊರ ಗಂಡಸರು ಬದುವಿನ ಮೇಲೆ ನಿಂತು ನೋಡಿದ್ದರು. ಅದನ್ನೆಲ್ಲ ಅವಳ ಗಂಡನೇ ‘ನಾನು’ ಎಂದು ಹೇಳುವಂತೆ ಬರೆದಿದ್ದೆ. ದೇಶದ ಮಾತು ಬರುವ ಕಥೆಗೆ ಗಂಡಸಿನ ದನಿಯೇ ತೂಕ ಕೊಡುತ್ತದೆ ಎನ್ನಿಸಿತ್ತು.

ಬಬಲೇಶ್ವರದ ನನ್ನ ಅಕ್ಕ ಸಿಕ್ಕ ಕಾದಂಬರಿಯನ್ನೆಲ್ಲ ಓದುವವಳು. ಅವಳು ರೊಟ್ಟಿ ಬಡಿಯುತ್ತಿದ್ದಾಗ ಬಿತ್ತನೆಯ ಅಧ್ಯಾಯ ಓದಿದೆ. ಅವಳ ಕೈ ನಿಂತಿತು.

“ಅಂವ ಆವಾಗ ಜೇಲಿನ್ಯಾಗ ಇದ್ನಲ್ಲ? ಹೊಲದಾಗ ಆಗಿದ್ದು ಅವಗ ಹೆಂಗ ಕಂಡ್ತು?”

“ಆಮ್ಯಾಲೆ ಯಾರೋ ಹೇಳ್ಯಾರ, ಅಕ್ಕಾ.”

“ಯಾರೋ ಹೇಳಿದ್ದು ನನಗ್ಯಾಕ? ಎತ್ತಿನ ಹಗ್ಗ ಹಿಡದಾಕಿ ಚಿಗವ್ವ. ಆಕಿನೇ ಹೇಳ್ಲಿ.”

ವಿಜಾಪುರಕ್ಕೆ ಮರಳಿ ಮೊದಲು ‘ಅವಳು’ ಎಂದು ತಿದ್ದಿದೆ. ಅವಳು ಎತ್ತು ಹೂಡಿದಳು, ಅವಳು ನಡೆದಳು. ಓದಿ ನೋಡಿದರೆ ನಾನೂ ಆ ಗಂಡಸರ ಜೊತೆ ಬದುವಿನ ಮೇಲೆ ನಿಂತಿದ್ದೆ. ಅದನ್ನೂ ಬಿಟ್ಟು ತಿಕೋಟಾಕ್ಕೆ ಹೋದೆ.

“ಅಂಜಿಕಿ ಬಂದಿತ್ತೇನ ಚಿಗವ್ವಾ?”

“ಬರಲಾರ್ದ ಏನವಾ? ಸಾಲು ಸೊಟ್ಟ ಹೋದ್ರ ಮಂದಿ ನಗತಾರಂತ, ಎತ್ತಿನ ಕಿವಿ ಬಿಟ್ಟು ಬ್ಯಾರೆ ಏನೂ ನೋಡಲಿಲ್ಲ.”

ಎತ್ತಿನ ಕಿವಿ! ಬದುವಿನ ಮೇಲಿದ್ದವರಿಗೆ ಅದು ಹೇಗೆ ಗೊತ್ತಾಗಬೇಕು? ಇಡೀ ಕಾದಂಬರಿಯನ್ನು ಚಿಗವ್ವನ ‘ನಾನು’ವಿನಲ್ಲಿ ಹೊಸದಾಗಿ ಬರೆದೆ. ಆ ಗಂಡಸರಿಗೆ ಅದರಲ್ಲಿ ಉಳಿದದ್ದು ಒಂದೇ ಸಾಲು.

“‘ನಾನು’ ಅಂತ ಬರದ್ರ ಮಂದಿ ನಿಂದೇ ಕಥಿ ಅಂತಾರ ನೋಡು,” ಎಂದರು ನನ್ನ ಅತ್ತೆ.

“ಅನ್ನಲಿ ಬಿಡ್ರಿ. ನನಗ ಅಷ್ಟು ಧೈರ್ಯ ಐತಿ ಅಂತ ತಿಳಕೊಂಡ್ರ ಚಲೋನ ಆತಲ್ರಿ,” ಎಂದೆ.

ಅಚ್ಚಾದ ಪುಸ್ತಕವನ್ನು ಚಿಗವ್ವನ ಮನೆಗೆ ಒಯ್ದೆ. ಅವಳ ಗಂಡ, ನಮ್ಮ ಕಾಕಾ, ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದರು; ಚಿಗವ್ವ ಜೋಳ ಹಸನು ಮಾಡುತ್ತ ಕೇಳಿದಳು. ಬಿತ್ತನೆಯ ಅಧ್ಯಾಯದಲ್ಲಿ ಕಾಕಾ ತಲೆಯೆತ್ತಿದರು.

“ಇಷ್ಟು ಅಂಜಿದ್ದೇನ? ನನಗ ಹೇಳಲೇ ಇಲ್ಲಲ್ಲ.”

“ನೀವು ಬೆಳಿ ಎಷ್ಟು ಬಂತಂತ ಕೇಳಿದ್ರಿ. ಅದನ್ನ ಹೇಳಿದ್ನಿ.”

ಕಾಕಾ ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದರು. ಚಿಗವ್ವ ಮೊರ ಕೆಳಗಿಟ್ಟು, ಬಾಗಿಲಿಗೆ ಬಂದ ನೆರೆಮನೆಯವಳಿಗೆ ಹೇಳಿದಳು: “ಒಳಗ ಬಾ, ಕುಂದ್ರು. ನಮ್ಮ ಹುಡಗಿ ಬರದಾಳ.”

ಆ ಮಾತಿಗೆ ಹಿಗ್ಗಿದ ನನ್ನಷ್ಟು ಎತ್ತರದವರು ಅಂದು ಆ ಪಡಸಾಲೆಯಲ್ಲಿ ಇನ್ನೊಬ್ಬರಿರಲಿಲ್ಲ.