ಶನಿಯ ಚಂದ್ರನಿಗೆ ಬಂದ ಜ್ವರ

ಚಿಕ್ಕಬಳ್ಳಾಪುರದ ನನ್ನ ಬಾಡಿಗೆ ಕೋಣೆಯ ಮುಂದೆ ಇವತ್ತು ಯಾರೋ ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ಹುಳುವಿಗೆ ರೋಗ ತಗಲದಿರಲೆಂದು ಇದೇ ಪೌಡರ್ ಎರಚುತ್ತಿದ್ದ ಶಿಡ್ಲಘಟ್ಟದ ನಮ್ಮ ರೇಷ್ಮೆ ಹುಳುವಿನ ಮನೆಯ ಬಾಗಿಲಲ್ಲಿದ್ದೆ. ಒಳಗೆ ಅಕ್ಕ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು.

ಗೌರಿಬಿದನೂರಿನ ಗಂಡನ ಏಟು ತಾಳಲಾರದೆ ಬಂದವಳು. ಅಪ್ಪ ಒಂದೇ ಮಾತು ಹೇಳಿದ್ದರು: "ಈ ಸಲದ ಹುಳು ಗೂಡು ಕಟ್ಲಿ, ಇಲ್ಲೇ ಇದ್ದು ಸಾಕ್ಕೊಂಡಿರು. ಇಲ್ಲಾಂದ್ರೆ ನಿನ್ ಮನೆಗೆ ಹೋಗಮ್ಮ."

ನನಗೋ ಬೇರೆ ಹುಚ್ಚು. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹೊಸ ಕಂಪ್ಯೂಟರಿನಲ್ಲಿ, ಎಲ್ಲರೂ ಊಟಕ್ಕೆ ಹೋದಾಗ, ಶನಿಯ ಚಂದ್ರ ಟೈಟನ್ನಿನ ಹವಾಮಾನ ತೋರಿಸುವ ಪ್ರೋಗ್ರಾಮ್ ಕಟ್ಟುತ್ತಿದ್ದೆ. ಲೈಬ್ರರಿಯ ಪತ್ರಿಕೆ ಓದಿ ಕಲಿತ ವಿದ್ಯೆ. ಗುರುವಿಲ್ಲ, ಗುರಿಯೂ ಇರಲಿಲ್ಲ ಅನ್ನಿ. ಬಿಸಿಲು ಇಷ್ಟು, ಗಾಳಿ ಇಷ್ಟು ಎಂದು ಕೊಟ್ಟರೆ ಅಲ್ಲಿ ಮೋಡ ಕಟ್ಟಬೇಕು, ಮಳೆ ಬೀಳಬೇಕು.

"ಶನಿ ಮನೆ ಚಂದ್ರನಾ? ಇರೋ ಶನಿ ಸಾಲ್ದೇನೋ ನಂಗೆ?" ಅಂದಳು ಅಕ್ಕ.

"ಅಲ್ಲಿ ಬೀಳೋದು ನೀರಲ್ಲ ಕಣಕ್ಕ. ಗೋಬರ್ ಗ್ಯಾಸ್ ಐತಲ್ಲ, ಅದೇ ಚಳಿಗೆ ನೀರಾಗಿ ಸುರಿಯತ್ತೆ."

"ಥೂ, ನಾತ."

ಆದರೆ ನನ್ನ ಚಂದ್ರ ಅಲುಗಲಿಲ್ಲ. ಎಷ್ಟು ಓಡಿಸಿದರೂ ಅದೇ ಚಳಿ, ಅದೇ ಅಂಕಿ. ಮುಖ ಸಣ್ಣದು ಮಾಡಿಕೊಂಡು ಹೇಳಿದರೆ ಅಕ್ಕ ನಕ್ಕಳು. "ಜ್ವರಕ್ಕೆ ಕೂತೈತೆ ಬಿಡೋ. ಮುಟ್ಬೇಡ, ತಾನೇ ಏಳತ್ತೆ."

ಹುಳು ಪೊರೆ ಬಿಡುವ ಮುನ್ನ ಮೇವು ನಿಲ್ಲಿಸಿ, ತಲೆಯೆತ್ತಿ ಕಲ್ಲಿನಂತೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎಂಥ ಚಂದದ ಮಾತು ನೋಡಿ. ನಂಬಿಕೊಂಡು ನಾನು ಪ್ರೋಗ್ರಾಮ್ ಮುಟ್ಟಲೇ ಇಲ್ಲ. ಅವಳೂ ಕೊನೆಯ ಜ್ವರಕ್ಕೆ ಕೂತ ತನ್ನ ಹುಳುಗಳನ್ನು ಮುಟ್ಟದೆ ಕಾದಳು.

ಅವು ಏಳಲಿಲ್ಲ. ಮೈ ಕಪ್ಪಾಗಿ, ತಟ್ಟೆ ತಟ್ಟೆಯೇ ಗುಂಡಿಗೆ ಹೋಯಿತು. ಬಸ್‌ಸ್ಟ್ಯಾಂಡಿನವರೆಗೂ ಅವಳ ಚೀಲವನ್ನು ಅಪ್ಪನೇ ಹಿಡಿದುಕೊಂಡು ಬಂದರು. ಅಷ್ಟು ಮರ್ಯಾದೆ ಮಾಡಿದರು.

ನನ್ನ ಚಂದ್ರನಿಗೆ ಇದ್ದದ್ದು ಜ್ವರವಲ್ಲ ಎಂದು ಗೊತ್ತಾಗಿದ್ದು ಹೋದ ವರ್ಷ, ಆ ಹಳೇ ಪ್ರೋಗ್ರಾಮನ್ನು ಮತ್ತೆ ತೆರೆದಾಗ. ಬರೀ ಪೂರ್ಣಾಂಕ ಇಟ್ಟುಕೋ, ದಶಮಾಂಶ ಬೇಡ ಎಂದು ಯಂತ್ರಕ್ಕೆ ಹೇಳಿದ್ದೆ. ಅಷ್ಟು ದೂರದ ಬಿಸಿಲು ಪ್ರತಿ ಸಲ ಕೊಡುತ್ತಿದ್ದ ಚೂರು ಶಾಖವನ್ನು ಅದು ಸೊನ್ನೆ ಎಂದು ಎಸೆಯುತ್ತಿತ್ತು. ತಿದ್ದಿದೆ. ಮಳೆ ಬಂತು. ಕುಣಿದುಕೊಂಡು ಗೌರಿಬಿದನೂರಿನ ಬಸ್ಸು ಹತ್ತಿದೆ.

ಅಕ್ಕ ಒಂದು ಕೆನ್ನೆ ಮುಚ್ಚುವಂತೆ ಸೆರಗೆಳೆದುಕೊಂಡು ಬಾಗಿಲಲ್ಲೇ ನಿಂತಳು.

"ಮಳೆ ಬಂತಕ್ಕ."

"ಬಂತಾ?" ಅಂದಳು. "ಅಲ್ಲಿ ನೆನೆಯಕ್ಕೆ ಯಾರಿದಾರಪ್ಪ?"

ಇವತ್ತೂ ಕೋಣೆಯ ಕಂಪ್ಯೂಟರಿನ ಪರದೆಯ ಮೇಲೆ ಟೈಟನ್ನಿನ ಮಳೆ ಬಿತ್ತು. ಯಾರನ್ನೂ ಕರೆದು ತೋರಿಸಲಿಲ್ಲ. ಆ ಬ್ಲೀಚಿಂಗ್ ವಾಸನೆಯಲ್ಲಿ ನೋಡುತ್ತ ಕೂರಲೂ ಆಗಲಿಲ್ಲ.